ಮೂರನೆಯ ಕೂಗು

ಲೆಂಟನ್, ಹಾರ್ಗ್ರೋವ್ ಕೌಂಟಿ, ಜಾರ್ಜಿಯಾ
ಸೋಮವಾರ, ೩೦ ಸೆಪ್ಟೆಂಬರ್ ೨೦೧೯

ಮುಂದಿನ ಬೆಂಚಿನಲ್ಲಿ ಕೂತ ಮಹನೀಯರೇ, ಹಿಂದೆ ಡೇರೆಯ ಹಗ್ಗ ಹಿಡಿದು ನಿಂತ ಮಹಾತಾಯಂದಿರೇ, ಕಾಸು ಕೊಟ್ಟು ಬಂದವರೇ, ಕೊಡದೆ ನುಸುಳಿದವರೇ! ಕೇಳಿರಿ, ಎಲ್ಲರೂ ಕೇಳಿರಿ! ಥ್ಯಾಡಿಯಸ್ ಬ್ರಾಡ್‌ನ್ಯಾಕ್ಸ್ ಎಂಬ ದೊಡ್ಡ ಗಂಟಲಿನ ಮನುಷ್ಯ ಈಗ ನಿಮ್ಮ ಮುಂದೆ ಬಂದು...

ನನ್ನ ಪ್ರೀತಿಯ ಡೆಸ್ಸಿ,

ನೋಡಿದೆಯಾ? ಇರುವ ಒಬ್ಬಳೇ ತಂಗಿಗೆ ಕಾಗದ ಬರೆಯಲು ಕೂತರೂ ನನ್ನ ಕೈ ಮೊದಲು ಜಾತ್ರೆಯನ್ನೇ ಕರೆಯುತ್ತದೆ. ಅಪ್ಪ ನಮ್ಮನ್ನು ಬೆಳೆಸಿದ್ದೇ ಹಾಗೆ. ಊರೂರಿಗೆ ಡೇರೆ ಹೊತ್ತುಕೊಂಡು ಹೋಗಿ ಬೈಬಲ್ಲಿನ ನಾಟಕ ಆಡಿಸುವ ಮನುಷ್ಯನ ಮಗ ಪಿಸುಮಾತು ಎಲ್ಲಿ ಕಲಿಯಬೇಕು? ತಾಲೀಮಿನ ದಿನ ಖಾಲಿ ಕುರ್ಚಿಗಳ ಮುಂದೆ ನಾನು ಹೆರೋದ ರಾಜನಾಗಿ ಅಬ್ಬರಿಸುತ್ತಿದ್ದರೆ, ನೀನೊಬ್ಬಳೇ ಈ ಕುರ್ಚಿಯಿಂದ ಆ ಕುರ್ಚಿಗೆ ಓಡಿ ಓಡಿ, ನೂರು ಜನರ ಚಪ್ಪಾಳೆ ತಟ್ಟುತ್ತಿದ್ದೆ.

ಹೇಗಿದ್ದೀಯ? ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ಮಗಳು ಕೊರಿನ್ ನಿನಗೆ ಉಪ್ಪಿಲ್ಲದ ಅಡುಗೆ ಹಾಕುತ್ತಾಳೆಂದು ಕೇಳಿ ಮರುಗಿದೆ. ಹದಿನಾಲ್ಕು ತಿಂಗಳು ಒಂದು ಸಾಲೂ ಬರೆಯಲಿಲ್ಲ, ಕ್ಷಮಿಸು. ಫೋನು ಮಾಡಿದೆ, ಅದು ನಿನಗೂ ಗೊತ್ತು. ಪ್ರತಿ ಭಾನುವಾರ ನಿನ್ನ ಮಗಳು ಅದೇ ಮಾತು ಹೇಳುತ್ತಾಳೆ: “ಅಮ್ಮ ಮಲಗಿದ್ದಾರೆ ಮಾಮ.” ಹೋದ ವಾರ ನಾನು, “ಬೆಳಿಗ್ಗೆ ಹನ್ನೊಂದು ಗಂಟೆ ಕಣೇ, ಯಾವ ನಿದ್ದೆ ಇದು?” ಅಂದೆ. ಅವಳು, “ನಿಮ್ಮ ಫೋನು ಬಂದಾಗಲೇ ಅವರಿಗೆ ನಿದ್ದೆ ಬರತ್ತೆ ಮಾಮ, ಬೇಜಾರು ಮಾಡ್ಕೋಬೇಡಿ” ಅಂದಳು. ಒಳ್ಳೆಯ ಹುಡುಗಿ. ಸುಳ್ಳು ಹೇಳಲು ಬರುವುದಿಲ್ಲ.

ಊರಿನ ಸುದ್ದಿ ಹೇಳುತ್ತೇನೆ. ಡೀಕನ್ ಅಬ್ಸಲಮ್ ಟಗಲ್ ಜೂನ್‌ನಲ್ಲಿ ತೀರಿಕೊಂಡರು. ಚರ್ಚಿನ ಪಿಯಾನೋ ರಿಪೇರಿಗೆ ಹೋಗಿ ಬಂದಿದೆ, ಮೊದಲಿಗಿಂತ ಕೆಟ್ಟದಾಗಿ ನುಡಿಯುತ್ತದೆ. ನಿನ್ನ ಜಾಗದಲ್ಲಿ ಇನ್ನೂ ಯಾರೂ ಕೂರುವುದಿಲ್ಲ. ಹೊಸಬರು ಬಂದರೆ ಹೆಂಗಸರು ನಯವಾಗಿ ಪಕ್ಕಕ್ಕೆ ಕಳಿಸುತ್ತಾರೆ. ಮಿಸ್ ವರ್ಬೀನಾ ಸ್ಟಗ್ಸ್‌ಗೆ ಎಂಬತ್ತೊಂದು ತುಂಬಿತು. ಇನ್ನೂ ತಿಂಗಳ ಮೊದಲ ಮಂಗಳವಾರ ಮಡಚುವ ಕುರ್ಚಿ, ಬೇಯಿಸಿದ ಕಡಲೆಕಾಯಿಯ ಚೀಲ, ಉಲ್ಲನ್ನಿನ ಉಂಡೆ ಹಿಡಿದು ನ್ಯಾಯಾಲಯದ ಮೆಟ್ಟಿಲಿನ ಹರಾಜಿಗೆ ಬರುತ್ತಾಳೆ. ಹೆಣೆಯುತ್ತಲೇ ಸೂಜಿ ಎತ್ತಿ ಒಂದು ಮನೆ ಕೊಳ್ಳುತ್ತಾಳೆ, ಮತ್ತೆ ಹೆಣೆಯುತ್ತಾಳೆ. ಮೊನ್ನೆ ನನ್ನನ್ನು ನೋಡಿ, “ನೀನು ಸತ್ತರೆ ಥ್ಯಾಡಿ, ಪೆಟ್ಟಿಗೆ ಒಳಗೂ ಮೂರು ಸಲ ಕೂಗಿಸ್ಕೊಂಡೇ ಹೋಗೋದು” ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಈಗ ವಿಷಯಕ್ಕೆ ಬರುತ್ತೇನೆ. ಪರದೆ ಎಷ್ಟು ಹೊತ್ತು ಹಿಡಿದಿರಲು ಸಾಧ್ಯ?

ನಮ್ಮ ಮನೆಯ, ತಪ್ಪು, ನಿನ್ನ ಮನೆಯ ಬಾಗಿಲಿಗೆ ಆಗಸ್ಟ್ ಕೊನೆಯಲ್ಲಿ ಶೆರೀಫನ ಕಡೆಯವರು ನೋಟೀಸು ಅಂಟಿಸಿ ಹೋದರು. ಅದರ ಪ್ರತಿ ನಿನಗೂ ರಿಜಿಸ್ಟರ್ ಅಂಚೆಯಲ್ಲಿ ಬಂದಿದೆ, ನೀನು ಲಕೋಟೆ ಒಡೆಯದೆ ಅಡುಗೆಮನೆಯ ಡ್ರಾಯರಿನಲ್ಲಿ ಹಾಕಿದ್ದೀಯ ಎಂದು ಕೊರಿನ್ ಹೇಳಿದಳು. ಒಳಗೆ ಇರುವುದನ್ನು ನಾನೇ ಹೇಳುತ್ತೇನೆ. ಕರದ ಹರಾಜಿನಲ್ಲಿ ಹೋದ ಮನೆಯನ್ನು ಮನೆಯವರು ಹಣ ಕಟ್ಟಿ ಬಿಡಿಸಿಕೊಳ್ಳಬಹುದು. ಒಂದು ವರ್ಷ ಕಳೆದ ಮೇಲೆ ಕೊಂಡವನು ಗಡುವು ಹಾಕಬಹುದು. ಅವನು ಹಾಕಿದ್ದಾನೆ. ಈ ಶುಕ್ರವಾರ, ಅಕ್ಟೋಬರ್ ನಾಲ್ಕು, ಸಂಜೆ ಐದು ಗಂಟೆ. ಅದಾದ ಮೇಲೆ ಅಮ್ಮ ನಿನ್ನ ಹೆಸರಿಗೆ ಬರೆದಿಟ್ಟ ಮನೆ ದೇವರು ಬಂದು ಕೇಳಿದರೂ ನಮ್ಮದಲ್ಲ.

ಹಣದ ಚಿಂತೆ ಬೇಡ. ಅದು ನನ್ನ ಹತ್ತಿರ ಇದೆ. ದೋಣಿ ಮಾರಿದೆ, ಹಲ್ಲಿನ ಡಾಕ್ಟರಿಗೆಂದು ಎತ್ತಿಟ್ಟಿದ್ದನ್ನೂ ಸೇರಿಸಿದೆ. ಬ್ಯಾಂಕಿನ ಚೆಕ್ಕು ನನ್ನ ಕೋಟಿನ ಒಳಜೇಬಿನಲ್ಲಿ ಬೆಚ್ಚಗೆ ಕೂತಿದೆ. ಬೇಕಾಗಿರುವುದು ನಿನ್ನ ಸಹಿ.

ಆ ದಿನದ ಬಗ್ಗೆ ನಾವಿಬ್ಬರೂ ಒಮ್ಮೆಯೂ ಮಾತಾಡಲಿಲ್ಲ. ನಾನೇ ಆಡುತ್ತೇನೆ, ನೀನು ಕೇಳು.

ಇಪ್ಪತ್ತಾರು ವರ್ಷ ಆ ಮೆಟ್ಟಿಲ ಮೇಲೆ ನಿಂತು ಕೂಗಿದ್ದೇನೆ. ಕರ ಕಟ್ಟದವರ ಮನೆ, ಬ್ಯಾಂಕಿಗೆ ಸೋತವರ ಮನೆ. ಪಟ್ಟಿಯಲ್ಲಿ ಯಾವ ಹೆಸರು ಬಂದರೂ ಹೆಸರು, ಬೀದಿ, ನಾಲ್ಕು ಗಡಿ ಓದಿ, ಒಂದನೇ ಸಲ, ಎರಡನೇ ಸಲ, ಮೂರನೇ ಸಲ ಎಂದು ಕೂಗುವುದು ನನ್ನ ಕೆಲಸ. ಕರದ ಕಚೇರಿಯ ಗುಮಾಸ್ತೆ ಮೆಟ್ಟಿಲ ಮೇಲೆಯೇ ಮೇಜು ಹಾಕಿಕೊಂಡು ಕೂತಿರುತ್ತಾಳೆ. ಮೂರನೆಯ ಕೂಗು ಮುಗಿಯುವುದರೊಳಗೆ ಮನೆಯವರು ಬಂದು ಅವಳ ಮುಂದೆ ಬಾಕಿ ಇಟ್ಟರೆ ಸಾಕು, ಹೆಸರು ಹೊಡೆದುಹಾಕುತ್ತಾರೆ.

ಅದಕ್ಕೇ ನನ್ನ ಮೂರನೆಯ ಕೂಗು ಇಡೀ ಕೌಂಟಿಯಲ್ಲಿ ಹೆಸರುವಾಸಿ. ಯಾರದೋ ಹಳೆಯ ಕಾರು ಮೂಲೆಯಲ್ಲಿ ತಿರುಗಿತು, ಯಾರೋ ಅಜ್ಜಿ ಊರುಗೋಲು ಹಿಡಿದು ರಸ್ತೆ ದಾಟುತ್ತಿದ್ದಾಳೆ ಅಂದರೆ, “ಮೂರನೇ...” ಎಂದು ನಿಲ್ಲಿಸಿ ಕನ್ನಡಕ ಒರೆಸುತ್ತಿದ್ದೆ. ನೀರು ಕುಡಿಯುತ್ತಿದ್ದೆ. ಸೀನುತ್ತಿದ್ದೆ, ನಾಲ್ಕು ಸಲ, ಐದು ಸಲ. ಒಮ್ಮೆ ಗಿಲ್ಲಿಯಮ್ ಮನೆಯವರಿಗಾಗಿ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿದೆ. “ಮಿಸ್ಟರ್ ಥ್ಯಾಡ್‌ಗೆ ಇವತ್ತು ಜ್ವರ” ಎಂದು ಕೊಳ್ಳುವವರು ಟೋಪಿಯೊಳಗೆ ನಗುತ್ತಿದ್ದರು. ಒಬ್ಬರೂ ತಕರಾರು ಎತ್ತಲಿಲ್ಲ. ಅವರಿಗೂ ಅವರದೇ ಕಟ್ಟಳೆ ಇತ್ತು, ನಿನಗೆ ಗೊತ್ತಿದ್ದದ್ದೇ. ಪರಿಚಯದವರ ಮನೆ ಹರಾಜಿಗೆ ಬಂದರೆ ಎಲ್ಲರೂ ತಂತಮ್ಮ ಬೂಟು ನೋಡುತ್ತಾ ನಿಲ್ಲುವುದು. ಕೈ ಎತ್ತುವುದಿಲ್ಲ, ಬಾಯಿ ಬಿಡುವುದಿಲ್ಲ. ಯಾರೂ ಬೆಲೆ ಕೂಗದಿದ್ದರೆ ಮನೆ ಕೌಂಟಿಯ ಕೈಯಲ್ಲೇ ಉಳಿಯುತ್ತದೆ, ಮನೆಯವರಿಗೆ ಉಸಿರಾಡಲು ಸಮಯ ಸಿಗುತ್ತದೆ.

ಲೂಷಿಯಸ್ ಡಯಾಲಿಸಿಸ್ಸಿನಲ್ಲಿ ಎರಡು ವರ್ಷ ಒದ್ದಾಡಿ ಹೋದ ಮೇಲೆ ನಿನ್ನ ಮನೆಯ ಕರ ಮೂರು ವರ್ಷದ್ದು ನಿಂತುಹೋಗಿತ್ತು. ನಾನು ಕಟ್ಟುತ್ತೇನೆ ಅಂದೆ. “ನನ್ನ ಮನೆ, ನನ್ನ ಕರ. ಗಂಡ ಸತ್ತ ಅಂತ ಅಣ್ಣನ ಜೇಬಿಗೆ ಕೈ ಹಾಕೋಳಲ್ಲ ನಾನು” ಅಂದೆ ನೀನು. ಹಿಂದಿನ ದಿನ ಫೋನಿನಲ್ಲಿ ಎಲ್ಲ ಮಾತಾಗಿತ್ತು. ಒಂಬತ್ತಕ್ಕೆ ಬ್ಯಾಂಕು ತೆರೆಯುತ್ತದೆ, ಸಾಲದ ಚೆಕ್ಕು ಕೈಗೆ ಸಿಗುತ್ತದೆ, ಹತ್ತಕ್ಕೆ ಮೆಟ್ಟಿಲ ಹತ್ತಿರ ಇರುತ್ತೀಯ. “ತಡ ಆದ್ರೆ?” ಅಂದೆ ನಾನು. ನೀನು ನಕ್ಕೆ. “ತಡ ಆದ್ರೆ ಏನು? ಕೂಗೋನು ನೀನು ತಾನೆ? ಎಷ್ಟು ಸೀನ್ಬೇಕೋ ಸೀನು.”

ಆ ಬೆಳಿಗ್ಗೆ ಅಟ್ಲಾಂಟಾದಿಂದ ಹೊಸಬನೊಬ್ಬ ಬಂದಿದ್ದ. ಗ್ರ್ಯಾಂಟ್ಲಿ ವಾಯ್ಲ್ಸ್ ಎಂದು ಹೆಸರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಫೋನು, ಎಲ್ಲವನ್ನೂ ಚಿತ್ರ ಹಿಡಿಯುತ್ತಿದ್ದ. ಹಿಂದಿನ ತಿಂಗಳು ಒಮ್ಮೆ ಬಂದು ನೋಡಿಹೋಗಿ, ಆಗಲೇ ಅವನು ದೂರು ಕೊಟ್ಟಿದ್ದನಂತೆ, ಇಲ್ಲಿ ಕೂಗುವವನು ಆಟ ಆಡುತ್ತಾನೆ ಎಂದು. ಶೆರೀಫ್ ಡ್ಯೂಬರಿ ನನ್ನನ್ನು ಕಂಬದ ಹಿಂದೆ ಕರೆದು, “ಥ್ಯಾಡ್, ಇವತ್ತು ಕೆಮ್ಮು ಬೇಡ, ಸೀನು ಬೇಡ, ಬೂಟು ಗೀಟು ಏನೂ ಬೇಡ. ನೆಟ್ಟಗೆ ಓದು. ಇಲ್ಲಾಂದ್ರೆ ಮುಂದಿನ ತಿಂಗಳು ಬೇರೆ ಯಾರನ್ನಾದ್ರೂ ನಿಲ್ಲಿಸ್ಬೇಕಾಗತ್ತೆ” ಅಂದ.

ನಿನ್ನ ಮನೆ ಪಟ್ಟಿಯಲ್ಲಿ ಒಂಬತ್ತನೆಯದು. ಒಡೆಸ್ಸಾ ಬ್ರಾಡ್‌ನ್ಯಾಕ್ಸ್ ಪೆಟವೇ ಎಂದು ಓದಿದೆ. ಓದಿದೊಡನೆ ಏನಾಯಿತು ಗೊತ್ತೇ? ಇಡೀ ಮೆಟ್ಟಿಲು ಸ್ತಬ್ಧ. ಮಿಸ್ ವರ್ಬೀನಾ ಸೂಜಿಗಳನ್ನು ತೊಡೆಯ ಮೇಲಿಟ್ಟಳು. ಟೋಪಿಗಳೆಲ್ಲ ಬಾಗಿದವು. ಮೂವತ್ತು ಜನ, ಮೂವತ್ತು ಜೊತೆ ಬೂಟು. ನನ್ನ ತಂಗಿಯ ಮನೆಯೆಂದು, ನನ್ನ ಮೇಲಿನ ಮರ್ಯಾದೆಗೆಂದು, ಒಬ್ಬನೂ ಉಸಿರೆತ್ತಲಿಲ್ಲ.

ಆ ಮರ್ಯಾದೆಯೇ ನಮ್ಮನ್ನು ತಿಂದುಹಾಕಿತು. ಆ ಕಟ್ಟಳೆ ವಾಯ್ಲ್ಸ್‌ಗೆ ಗೊತ್ತಿರಲಿಲ್ಲ. ಅವನು ಸುತ್ತ ನೋಡಿ, ಇಷ್ಟು ಒಳ್ಳೆಯ ಮನೆಗೆ ಯಾರೂ ಇಲ್ಲವೇ ಎಂದು ಅಚ್ಚರಿಪಟ್ಟು, ಕೈ ಎತ್ತಿದ. ಅಷ್ಟೇ. ಎದುರು ಕೂಗುವವರಿಲ್ಲ. ಬೇರೆ ಯಾವ ಮನೆಯಾದರೂ ಹತ್ತು ಹತ್ತು ಡಾಲರ್ ಏರಿಸುತ್ತಾ ಐದು ನಿಮಿಷ ಎಳೆಯುತ್ತಿತ್ತು, ನೀನು ಅಷ್ಟರೊಳಗೆ ಮೇಲೆ ಬಂದಿರುತ್ತಿದ್ದೆ. ನಿನ್ನ ಮೇಲೆ ಪ್ರೀತಿ ಇದ್ದವರೆಲ್ಲ ಸುಮ್ಮನಿದ್ದರು, ನಿನ್ನ ಮನೆ ಅರ್ಧ ನಿಮಿಷದಲ್ಲಿ ಹೋಯಿತು. ಸಂಜೆ ಮಿಸ್ ವರ್ಬೀನಾ ನನ್ನ ಜಗುಲಿಗೆ ಬಂದು ಅತ್ತಳು. “ಒಂದು ಸೂಜಿ ಎತ್ತಬಾರದಿತ್ತೇನೋ ನಾನು? ಒಂದೇ ಒಂದು ಸೂಜಿ! ಎದುರುಬದುರು ಕೂಗಿ ಅವನನ್ನ ಊಟದ ಹೊತ್ತಿನ ತನಕ ಕೂರಿಸ್ತಿದ್ದೆ. ನಲವತ್ತು ವರ್ಷದಲ್ಲಿ ಸುಮ್ಮನಿದ್ದು ಒಂದೇ ಒಂದು ತಪ್ಪೂ ಮಾಡಿರ್ಲಿಲ್ಲ.” ಅವಳ ಕೈ ಹಿಡಿದು, ನಿನ್ನ ತಪ್ಪಲ್ಲ ಅಂದೆ.

ನಾನು ಒಂದು ಅಂದೆ, ಎರಡು ಅಂದೆ. ಮೂರು ಅನ್ನುವಾಗ ಬಿಸಿಲು ನೇರ ಕಣ್ಣಿಗೆ ಹೊಡೆಯಿತು, ಡೆಸ್ಸಿ. ಕೆಳಗೆ ಯಾರು ಬರುತ್ತಿದ್ದಾರೆ ಎಂದು ಕಾಣಲಿಲ್ಲ. ಮಾರಾಟ ಆಯಿತು ಅಂದೆ. ಕಣ್ಣು ಬಿಟ್ಟಾಗ ನೀನು ಅರ್ಧ ಮೆಟ್ಟಿಲು ಹತ್ತಿದ್ದೆ.

ನೀನು ಬೈದಿದ್ದರೆ! ಅಪ್ಪನ ಡೇರೆಯಲ್ಲಿ ಯೋಬನ ಹೆಂಡತಿಯ ಪಾತ್ರದಲ್ಲಿ ಎಷ್ಟು ಬೈಯುತ್ತಿದ್ದೆ ನೀನು! ಚೆಕ್ಕಿನ ಲಕೋಟೆಯನ್ನು ಕೈಚೀಲದೊಳಗೆ ಹಾಕಿ ಕೊಂಡಿ ಸಿಕ್ಕಿಸಿದೆ, ಕಂಬಿ ಹಿಡಿದು ಇಳಿದೆ. ಆ ತಿಂಗಳೇ ಮೇಕನ್‌ಗೆ ಮಗಳ ಮನೆಗೆ ಹೋದೆ. ಈಗ ಕೂಡ ನಿನ್ನ ಮನೆಯ ಅಂಗಳದ ಹುಲ್ಲನ್ನು ನಾನೇ ಕತ್ತರಿಸುತ್ತೇನೆ. ಇಲ್ಲದಿದ್ದರೆ ಪಾಳು ಮನೆಯೆಂದು ದೂರದೂರದ ಕೊಳ್ಳುವವರು ರಸ್ತೆಯಲ್ಲೇ ಕಾರು ನಿಲ್ಲಿಸಿ ಗುರುತು ಹಾಕಿಕೊಳ್ಳುತ್ತಾರೆ. ಅವರಿಗೆ ಒಳಗೆ ಹೋಗಲು ಬಿಡುವುದಿಲ್ಲವಲ್ಲ, ಹುಲ್ಲಿನ ಎತ್ತರವನ್ನೇ ನೋಡುತ್ತಾರೆ. ಅಡುಗೆಮನೆಯ ಚಾವಣಿ ಒಂದು ಕಡೆ ಸೋರಿದೆ. ಉಳಿದದ್ದು ಗಟ್ಟಿಯಾಗಿದೆ.

ಚೆಕ್ಕು ಕೈಗೆ ಬಂದ ಮರುದಿನವೇ ಅಟ್ಲಾಂಟಾಕ್ಕೆ ಹೋದೆ. ವಾಯ್ಲ್ಸ್‌ನ ಆಫೀಸಿನಲ್ಲಿ ಚೆಕ್ಕನ್ನು ಮೇಜಿನ ಮೇಲಿಟ್ಟು, “ತಗೊಳಪ್ಪ, ನನ್ನ ತಂಗಿ ಮನೆ ಬಿಟ್ಟುಕೊಡು” ಎಂದು ಗುಡುಗಿದೆ. ಆಚೆ ಕೋಣೆಯ ಹುಡುಗಿಯರು ಇಣುಕಿ ನೋಡಿದರು. ಅವನಿಗೆ ಸಿಟ್ಟು ಬರಲಿಲ್ಲ. ನನಗೆ ಕಾಫಿ ತರಿಸಿದ.

“ಮಿಸ್ಟರ್ ಬ್ರಾಡ್‌ನ್ಯಾಕ್ಸ್, ಇದನ್ನ ನಾನು ತಗೊಳ್ಳೋ ಹಾಗಿಲ್ಲ. ಆ ಮನೇಲಿ ನಿಮಗೆ ಹಕ್ಕೇನಿದೆ?”

“ಅಲ್ಲೇ ಬೆಳೆದಿದ್ದೀನಿ ಸ್ವಾಮಿ.”

“ಕಾಗದದಲ್ಲಿ?”

ನಾನು ಚೆಕ್ಕನ್ನು ಅವನ ಕಡೆಗೆ ಇನ್ನಷ್ಟು ತಳ್ಳಿದೆ.

“ಪತ್ರದಲ್ಲಿ ಅವರೊಬ್ಬರದೇ ಹೆಸರು. ಅವರು ಬರಲಿ, ಸಹಿ ಹಾಕಲಿ, ಅದೇ ದಿನ ಬಿಟ್ಟುಕೊಡ್ತೀನಿ. ನನಗೆ ಬರೋ ಬಡ್ಡಿ ಬರತ್ತೆ, ನಾನು ಯಾಕೆ ಬೇಡ ಅನ್ನಲಿ?” ಅಂದ. ಆಮೇಲೆ ಬಾಗಿಲವರೆಗೂ ಬಂದು, ಮೆಲ್ಲಗೆ, “ನಿಮ್ಮೂರಲ್ಲಿ ಎಲ್ಲರೂ ನನ್ನನ್ನ ಕಳ್ಳನ ಥರ ನೋಡ್ತಾರೆ. ನಾನು ಕೈ ಎತ್ತಿದೆ ಅಷ್ಟೇ ಸಾರ್. ಕೂಗಿದ್ದು ನೀವು” ಅಂದ.

ಆ ಮಾತು ಹೊತ್ತುಕೊಂಡು ಎರಡು ಗಂಟೆ ಕಾರು ಓಡಿಸಿದೆ. ರೇಡಿಯೋ ಹಾಕಲಿಲ್ಲ.

ಆದ್ದರಿಂದ ಡೆಸ್ಸಿ, ಶುಕ್ರವಾರ ಐದರೊಳಗೆ ನೀನು ಬರಬೇಕು. ನನ್ನ ಮುಖ ನೋಡಬೇಡ, ಬೇಕಾದರೆ ಹಿಂದಿನ ಸೀಟಿನಲ್ಲಿ ಕೂರು, ಕೊರಿನ್‌ಳನ್ನು ನಡುವೆ ಕೂರಿಸಿಕೋ. ಒಂದು ಸಹಿ ಹಾಕು. ಆಮೇಲೆ ಆ ಮನೆಯಲ್ಲಿ ಇರು, ಮಾರು, ನನಗೆ ಬಾಗಿಲು ತೆರೆಯಬೇಡ. ಅದು ನಿನ್ನದಾಗಿಯೇ ಇರಲಿ.

ದೇವರು ನಿನ್ನ ಕಾಲಿಗೆ ಬಲ ಕೊಡಲಿ, ಸಕ್ಕರೆ ಇಳಿಸಲಿ, ಕೊರಿನ್‌ಳಿಗೆ ಅಡುಗೆಗೆ ಉಪ್ಪು ಹಾಕುವ ಬುದ್ಧಿ ಕೊಡಲಿ. ನಿನ್ನ ಹೆಸರು ಹೇಳದೆ ನಾನು ಒಂದು ದಿನವೂ ಪ್ರಾರ್ಥನೆ ಮುಗಿಸಿಲ್ಲ.

ಸದಾ ನಿನ್ನ ಅಣ್ಣ,
ಥ್ಯಾಡ್

ತಾ.ಕ.: ಬಿಸಿಲು ಕಣ್ಣಿಗೆ ಹೊಡೆಯಿತು ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ಹೊಡೆದುಹಾಕಬಹುದಿತ್ತು, ಬೇಕೆಂದೇ ಬಿಟ್ಟಿದ್ದೇನೆ. ಹದಿನಾಲ್ಕು ತಿಂಗಳು ಊರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗಿದ್ದೇನೆಂದು ನಿನಗೆ ತಿಳಿಯಲಿ. ಆ ಮೆಟ್ಟಿಲುಗಳು ಉತ್ತರಕ್ಕೆ ಮುಖಮಾಡಿವೆ. ಹತ್ತು ಗಂಟೆಗೆ ಅಲ್ಲಿ ನೆರಳು.

ನಾನು ನಿನ್ನನ್ನು ನೋಡಿದೆ. ಎರಡನೆಯ ಕೂಗಿಗೆ ನೀನು ಧ್ವಜದ ಕಂಬ ದಾಟಿದ್ದೆ. ಹಳದಿ ಟೋಪಿ. ನನ್ನ ಕಣ್ಣು ನಿನ್ನ ಕಣ್ಣಿಗೆ ಸಿಕ್ಕಿತು, ನೀನು ಲಕೋಟೆ ಎತ್ತಿ ಆಡಿಸಿದೆ. ಆಮೇಲೆ, ಡೆಸ್ಸಿ, ನೀನು ನಡಿಗೆ ನಿಧಾನ ಮಾಡಿದೆ. ಅಣ್ಣ ನೋಡಿದ, ಇನ್ನು ಅವಸರವಿಲ್ಲ ಎಂದು. ನೋಯುವ ಮಂಡಿಗೆ ಕೈ ಕೊಟ್ಟು ಒಂದೊಂದೇ ಮೆಟ್ಟಿಲು ಹತ್ತಿದೆ.

ಶೆರೀಫನ ಹೆದರಿಕೆಯಲ್ಲ ಅದು. ಅವನ ಕೆಲಸ ಯಾರಿಗೆ ಬೇಕಿತ್ತು? ನಿನ್ನ ಮನೆಯ ನಾಲ್ಕು ಗಡಿ ಓದುತ್ತಿದ್ದೆನಲ್ಲ, ಆಗ ವಕೀಲರ ಕೋಣೆ ನೆನಪಾಯಿತು. ಅಮ್ಮನ ಉಯಿಲು ಓದಿದ ದಿನ. ‘ಥ್ಯಾಡ್‌ಗೆ ಗಂಟಲಿದೆ, ಅವನು ಎಲ್ಲಿ ನಿಂತರೂ ಬದುಕುತ್ತಾನೆ. ಮನೆ ಒಡೆಸ್ಸಾಳಿಗೆ.’ ಕೋಣೆಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಇಪ್ಪತ್ತೆರಡು ವರ್ಷ ಅದನ್ನು ತಮಾಷೆಯೆಂದು ಹೇಳಿ ಜನರನ್ನು ನಗಿಸಿದೆ. ಒಳಗೆ ಅದು ನಗುತ್ತಿರಲಿಲ್ಲ ಎಂದು ನನಗೇ ಗೊತ್ತಿರಲಿಲ್ಲ. ಒಂದು ಕ್ಷಣ, ಒಂದೇ ಕ್ಷಣ, ಇವಳೂ ಎಲ್ಲಿ ನಿಂತರೂ ಬದುಕಲಿ ನೋಡೋಣ ಅನ್ನಿಸಿತು. ಗಂಟಲು ತಾನೇ ತಾನಾಗಿ ಮೂರು ಅಂದುಬಿಟ್ಟಿತು ಎನ್ನಲಾರೆ. ಅಂದವನು ನಾನು.

ನಾಳೆ ತಿಂಗಳ ಮೊದಲ ಮಂಗಳವಾರ. ಮೆಟ್ಟಿಲ ಮೇಲೆ ನಿಂತು ಊರಿನ ಮುಂದೆ ಇದನ್ನೆಲ್ಲ ಒಪ್ಪಿಕೊಳ್ಳುತ್ತೇನೆಂದು ಮಿಸ್ ವರ್ಬೀನಾಗೆ ಹೇಳಿದೆ. ಅವಳು ಹೆಣಿಗೆಯಿಂದ ತಲೆ ಎತ್ತಲಿಲ್ಲ. “ಅದಕ್ಕೂ ಚಪ್ಪಾಳೆ ಬೇಕಾ ನಿನಗೆ?” ಅಂದಳು. ಸರಿಯಾಗಿಯೇ ಹೇಳಿದಳು. ಬೇರೆ ಯಾರಿಂದಲಾದರೂ ಕೂಗಿಸಿಕೋ ಎಂದು ಶೆರೀಫನಿಗೆ ತಿಳಿಸಿದ್ದೇನೆ. ನಾಳೆ ಬೆಳಿಗ್ಗೆ ಆರಕ್ಕೆ ಹೊರಟು ಎಂಟಕ್ಕೆ ಮೇಕನ್ ಸೇರುತ್ತೇನೆ. ಈ ಕಾಗದವನ್ನು ಕೊರಿನ್ ಮನೆಯ ಬಾಗಿಲ ಕೆಳಗೆ ತಳ್ಳುತ್ತೇನೆ. ಬಾಗಿಲು ತಟ್ಟುವುದಿಲ್ಲ. ನಿನ್ನ ಹೆಸರು ಕೂಗುವುದಿಲ್ಲ. ಎದುರು ರಸ್ತೆಯ ಬದಿಯಲ್ಲಿ ಕಾರಿನೊಳಗೆ ಕೂತಿರುತ್ತೇನೆ, ಶುಕ್ರವಾರ ಐದರವರೆಗೆ.